ಹಗ್ಗ ಹಿಡಿಯುವ ಕೈ

ಕಲ್ಲುಹಟ್ಟಿ,
ಪೆನ್ನಾಗರಂ ತಾಲೂಕು, ಧರ್ಮಪುರಿ ಜಿಲ್ಲೆ.
6-2-1996, ಮಂಗಳವಾರ

ಪ್ರೀತಿಯ ಮುನಿರಾಜಣ್ಣನಿಗೆ,

ನಿನ್ನ ತಂಗಿ ಅಂಜಮ್ಮ ಮಾಡುವ ನಮಸ್ಕಾರ. ಮೈಯಲ್ಲಿ ಹುಷಾರಾಗಿದ್ದೀಯಾ? ಪೊಂಗಲ್ಲಿಗೆ ನೀನು ಹಾಕಿದ ಕಾರ್ಡು ಬಂದು ಸೇರಿತು. ಇದ್ದದ್ದೇ ನಾಲ್ಕು ಸಾಲು, ಅದರಲ್ಲಿ ಎರಡು ಸಾಲು ಹೊಸಪೇಟೆಯ ಲಾಡ್ಜಿನ ವಿಳಾಸ. ಉಳಿದ ಎರಡರಲ್ಲಿ ಒಂದು ಸಾಲು ಕೆಮ್ಮಿನ ಸುದ್ದಿ. ಬೋರ್‌ವೆಲ್ ಲಾರಿ ಕಲ್ಲು ಕೊರೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೋ ಅಂತ ಎಷ್ಟು ಸಲ ಬರೆದೆ? ಕಟ್ಟಿಕೊಳ್ಳುವುದಿಲ್ಲ, ನನಗೆ ಗೊತ್ತು. ಮೆಣಸು ಜಜ್ಜಿ ಬೆಲ್ಲದ ಜೊತೆ ತಿನ್ನು. ಜೇನಾದರೆ ಇನ್ನೂ ಒಳ್ಳೆಯದು, ಆದರೆ ನಮ್ಮ ಮನೆಯಲ್ಲೇ ಜೇನು ನೋಡಿ ಎಂಟು ವರ್ಷವಾಯಿತು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅತ್ತೆ ಮುನಿವೆಂಕಟಮ್ಮನವರಿಗೆ ಕಣ್ಣು ಮಂಜಾಗಿದೆ, ಬಾಯಿ ಮಾತ್ರ ಮೊದಲಿನಷ್ಟೇ ಚುರುಕು. ನಿನ್ನ ಸೊಸೆ ಶಾಂತಿ ನಾಲ್ಕನೇ ಕ್ಲಾಸು. ಪಳ್ಳಿಕೂಡದಲ್ಲಿ ತಮಿಳು, ಮನೆಯಲ್ಲೂ ತಮಿಳು. ನಾನು ಕನ್ನಡದಲ್ಲಿ ಬೈದರೆ ತಮಿಳಿನಲ್ಲಿ ಎದುರು ಮಾತಾಡುತ್ತಾಳೆ. ನಿನ್ನ ಭಾವನ ಕಾಲು ಹಾಗೇ ಇದೆ, ಚಳಿಗೆ ಸ್ವಲ್ಪ ಹೆಚ್ಚು ಎಳೆಯುತ್ತಾರೆ. ಮೇಚೇರಿ ಸಂತೆಯಿಂದ ತಂದ ಕುರಿಗಳು ಈಗ ಇಪ್ಪತ್ತಮೂರು ಆಗಿವೆ.

ಈಗ ಸುದ್ದಿಗೆ ಬರುತ್ತೇನೆ, ನಿಧಾನವಾಗಿ ಓದು. ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಸೇಲಂನಿಂದ ಆರು ಜನ ಕಾಲೇಜು ಓದುವ ಮಕ್ಕಳು ಓಮಲೂರಿನಲ್ಲೊಂದು ಬಸ್ಸು, ಮೇಚೇರಿಯಲ್ಲೊಂದು ಬಸ್ಸು ಬದಲಾಯಿಸಿ ನಮ್ಮ ಮನೆ ಹುಡುಕಿಕೊಂಡು ಬಂದರು. ಹೆಗಲ ಮೇಲೆ ಸುರುಳಿ ಸುರುಳಿ ನೈಲಾನ್ ಹಗ್ಗ, ಸೊಂಟದಲ್ಲಿ ಪಟ್ಟಿ, ಪಟ್ಟಿಗೆ ಕಬ್ಬಿಣದ ಕೊಕ್ಕೆಗಳು, ನಡೆದರೆ ಎತ್ತಿನ ಗಾಡಿ ಬಂದ ಹಾಗೆ ಸದ್ದು. ಅತ್ತೆ ಇವರನ್ನು ಕರೆಂಟಿನ ಕಂಬ ನೆಡುವವರು ಅಂದುಕೊಂಡು, ನಮ್ಮ ಮನೆಗೆ ಯಾವಾಗ ಲೈನು ಕೊಡ್ತೀರಿ ಅಂತ ಜಗಳಕ್ಕೇ ನಿಂತರು. ವಿಷಯ ಏನೆಂದರೆ, ಕಲ್ಲಿನ ಕಂಪನಿಯೊಂದು ನಮ್ಮ ಜೇನುಬಂಡೆಯನ್ನು ಕೇಳಿದೆ. ಹೌದು, ಅದೇ ಬಂಡೆ. ಕಲ್ಲಿನ ಬಣ್ಣ ಚೆನ್ನಾಗಿದೆಯಂತೆ, ಕೊಯ್ದು ಪಾಲಿಶ್ ಮಾಡಿ ಹಡಗಿಗೆ ಹಾಕುತ್ತಾರಂತೆ. ಬರೀ ಬೋಳು ಬಂಡೆ, ಅದರ ಮೇಲೆ ಯಾವ ಜೀವವೂ ಇಲ್ಲ ಅಂತ ಅರ್ಜಿಯಲ್ಲಿ ಬರೆದಿದ್ದಾರೆ. ಇದೇ ಇಪ್ಪತ್ತಾರಕ್ಕೆ ಆಫೀಸರುಗಳು ನೋಡಲು ಬರುತ್ತಾರೆ. ಅದರ ಹಿಂದಿನ ದಿನ, ಇಪ್ಪತ್ತೈದನೇ ತಾರೀಖು ಭಾನುವಾರ, ಈ ಮಕ್ಕಳು ಬಂಡೆಯಿಂದ ಹಗ್ಗದಲ್ಲಿ ಇಳಿದು, ರಸ್ತೆಗೆ ಕಾಣುವ ಹಾಗೆ ಎಪ್ಪತ್ತು ಮೊಳದ ಬಟ್ಟೆ ಇಳಿಬಿಡಬೇಕು ಅಂತಿದ್ದಾರೆ. ಬಟ್ಟೆಯನ್ನು ಎಡಪ್ಪಾಡಿಯಲ್ಲಿ ಮಗ್ಗದವರ ಹತ್ತಿರ ಹೇಳಿ ನೇಯಿಸಿದ್ದಾರೆ. ಮೇಲಿನ ಅರ್ಧ ತಮಿಳು, ಕೆಳಗಿನ ಅರ್ಧ ಕನ್ನಡ. ಕನ್ನಡದ ಅಕ್ಷರ ಬರೆಯಲು ಈ ಊರಿನಲ್ಲಿ ಯಾರಿದ್ದಾರೆ ಹೇಳು? ನಿನ್ನ ತಂಗಿಯೇ ಅಂಗಳದಲ್ಲಿ ಮಂಡಿಯೂರಿ ಬರೆದಳು. "ಬಂಡೆ ಒಡೆಯಬೇಡಿ, ಇಲ್ಲಿ ಜೇನಿದೆ." ಒಂದೊಂದು ಅಕ್ಷರವೂ ನಮ್ಮ ಶಾಂತಿಯಷ್ಟು ಎತ್ತರ.

ಬರೆಯುವಾಗ ನಮ್ಮ ತೌರೂರಿನ ಸ್ಕೂಲು ನೆನಪಾಯಿತು. ಅಂಚೆಟ್ಟಿ ಕಡೆಯ ಆ ಒಂದು ಕೋಣೆ, ಒಬ್ಬರೇ ಮೇಷ್ಟ್ರು. ಹೆಣ್ಣುಮಗುವಿಗೆ ಓದು ಯಾಕೆ ಅಂತ ಅಪ್ಪ ಅಂದಾಗ ನೀನು ನಿನ್ನ ಸ್ಲೇಟನ್ನು ನನ್ನ ಕೈಗೆ ಕೊಟ್ಟು, "ಅವ್ಳು ಓಗ್ನಿಲ್ಲಾಂದ್ರೆ ನಾನೂ ಓಗಾಕಿಲ್ಲ" ಅಂತ ಕಂಬ ಹಿಡಿದು ನಿಂತೆ. ಐದನೇ ಕ್ಲಾಸಿನವರೆಗೆ ನಾನು ಓದಿದ್ದು ನಿನ್ನ ಹಟದಿಂದ. ಅಪ್ಪ ಕತ್ತಾಳೆ ನಾರು ತೆಗೆದು ಹಗ್ಗ ಹೊಸೆಯುತ್ತಿದ್ದಾಗ ನೀನು ಒಂದು ತುದಿ, ನಾನು ಒಂದು ತುದಿ ಹಿಡಿದು ತಿರುಚುತ್ತಿದ್ದೆವು. ಹೊಸ ಹಗ್ಗವನ್ನು ಮೊದಲು ಹುಣಸೆ ಮರಕ್ಕೆ ಕಟ್ಟಿ ನನ್ನನ್ನೇ ಉಯ್ಯಾಲೆ ಕೂರಿಸಿ ಪರೀಕ್ಷೆ ಮಾಡುತ್ತಿದ್ದೆ, ಕಳ್ಳ! ಹರಿದರೆ ಬೀಳುವವಳು ನಾನು. ಒಂದು ಸಲವೂ ಹರಿಯಲಿಲ್ಲ. ಆ ಹಸಿ ನಾರಿನ ವಾಸನೆ ಈಗಲೂ ಎಲ್ಲಾದರೂ ಬಂದರೆ ಕೈಯಲ್ಲಿರುವ ಕೆಲಸ ಬಿಟ್ಟು ನಿಂತುಬಿಡುತ್ತೇನೆ.

ನಿನ್ನ ಭಾವ ಮೊದಲ ದಿನ ಆ ಮಕ್ಕಳಿಗೆ ಆಗುವುದಿಲ್ಲ ಅಂದರು. ಮಕ್ಕಳು ಎರಡನೇ ಭಾನುವಾರವೂ ಬಂದರು. ಕಾಲೇಜಿನ ನೀರಿನ ಟ್ಯಾಂಕಿನ ಮೇಲಿಂದ ಇಳಿದು ಕಲಿತಿದ್ದಾರಂತೆ. ಟ್ಯಾಂಕಿಗೆ ಜೇನೂ ಇಲ್ಲ, ಸಡಿಲ ಕಲ್ಲೂ ಇಲ್ಲ. ಕೊನೆಗೆ ಇವರಿಗೆ ಕನಿಕರ ಬಂದು, ಸರಿ, ಮೇಲೆ ನಿಂತು ಹೇಳಿಕೊಡುತ್ತೇನೆ ಅಂದರು. ಬಂಡೆ ಹತ್ತಿದ ಮೇಲೆ ಕೇಳಿದ ಮೊದಲ ಪ್ರಶ್ನೆ ಏನು ಗೊತ್ತಾ? "ಉಂಗ ಮಚ್ಚಾನೆಲ್ಲಾಂ ಎಂಗೆ?" ನಿಮ್ಮ ಭಾವಮೈದುನರೆಲ್ಲ ಎಲ್ಲಿ ಅಂತ! ಮಕ್ಕಳು ಮುಖ ಮುಖ ನೋಡಿಕೊಂಡರು. ಒಬ್ಬರಿಗೂ ಮದುವೆಯೇ ಆಗಿಲ್ಲ. ಆಗ ಇವರು ಬಂಡೆಯ ಮೇಲೆ ಕೂತು ನಮ್ಮ ಕಟ್ಟಳೆ ವಿವರಿಸಿದರು. ಜೇನಿಗೆ ಇಳಿಯುವವನ ಹಗ್ಗವನ್ನು ಒಡಹುಟ್ಟಿದವನು ಹಿಡಿಯಬಾರದು, ಅವನಿಗೆ ಹೊಲದಲ್ಲಿ ಪಾಲಿದೆ. ಹಿಡಿಯಬೇಕಾದವನು ಹೆಂಡತಿಯ ಅಣ್ಣ ಅಥವಾ ತಮ್ಮ, ಅವನಿಗೆ ತಂಗಿಯ ತಾಳಿಯ ಚಿಂತೆ ಇರುತ್ತದೆ. ಹೆಂಗಸರು ಹಗ್ಗ ಮುಟ್ಟಬಾರದು, ಅದರಲ್ಲೂ ಹೆಂಡತಿ ಆ ದಿನ ಬಂಡೆಯ ಮೇಲೆ ಕಾಲಿಡಲೇಬಾರದು. ಇದನ್ನೆಲ್ಲ ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ. ನಾನು ಬಂಡೆ ಹತ್ತುವ ದಾರಿಯಲ್ಲಿ, ಸ್ವಲ್ಪ ಕೆಳಗೆ, ನೆರಳಲ್ಲಿ ಅಂಬಲಿಯ ಕೊಡ ಇಟ್ಟುಕೊಂಡು ಕೂತಿದ್ದೆ, ಎಲ್ಲವೂ ಕೇಳಿಸುತ್ತಿತ್ತು.

ಆ ಗುಂಪಿನಲ್ಲಿ ಮಾಲತಿ ಅಂತ ಒಬ್ಬಳು ಇದ್ದಾಳೆ. ತೆಳ್ಳಗೆ, ಕಪ್ಪಗೆ, ಕನ್ನಡಕ. ಮನೆ ಮಾತು ಕನ್ನಡವೇ, ಆದರೆ ನಮ್ಮ ಜೊತೆ ಮಾತಾಡಲು ಮೊದಮೊದಲು ನಾಚಿಕೊಂಡಳು. ಅವಳು ಎದ್ದು, ಅವರಲ್ಲೇ ಒಬ್ಬ ವೇಣುವನ್ನು ತೋರಿಸಿ, "ಅಣ್ಣಾ, ಇವ್ನು ನನ್ ತಂಗಿ ವಾಣೀನ ಕಟ್ಕೋಬೇಕೂಂತ ಅವ್ನೆ. ಅಂಗಂದ್ರೆ ಇವ್ನ ಅಗ್ಗ ನಾನ್ತಾನೆ ಇಡೀಬೇಕು?" ಅಂತ ಕೇಳಿದಳು. ವೇಣುವಿನ ಮುಖ ನೋಡಬೇಕಿತ್ತು! ನಿನ್ನ ಭಾವ ತಲೆ ಕೆರೆದುಕೊಂಡರು. ಕಟ್ಟಳೆಯ ಪ್ರಕಾರ ಸರಿ, ಕಟ್ಟಳೆಯ ಪ್ರಕಾರ ತಪ್ಪು. ಕೊನೆಗೆ ನಕ್ಕುಬಿಟ್ಟರು. ಅವರು ಹಾಗೆ ಬಾಯಿ ತುಂಬ ನಕ್ಕಿದ್ದು ಎಷ್ಟು ದಿನದ ಮೇಲೋ. ಹಗ್ಗವನ್ನು ಆಲದ ಬುಡಕ್ಕೆ ಎರಡು ಸುತ್ತು ಸುತ್ತಿಸಿ, ಬಂಡೆಯ ಅಂಚಿಗೆ ಉಜ್ಜದ ಹಾಗೆ ಗೋಣಿಚೀಲ ಹಾಸಿ, ಅವಳ ಹಿಂದೆಯೇ ನಿಂತು ಹೇಳಿಕೊಟ್ಟರು. ಹಗ್ಗವನ್ನು ನೋಡಬೇಡ, ಅಂಗೈಯಲ್ಲಿ ಕೇಳಿಸಿಕೋ. ಒಂದು ಎಳೆತಕ್ಕೆ ಬಿಡು, ಎರಡಕ್ಕೆ ನಿಲ್ಲಿಸು, ಮೂರಕ್ಕೆ ಮೇಲಕ್ಕೆ. ವೇಣು ಹತ್ತಾಳುದ್ದ ಇಳಿದು ಸುಖವಾಗಿ ಮೇಲೆ ಬಂದ. ಅತ್ತೆ ಕೋಲೂರಿಕೊಂಡು ನೋಡುತ್ತಿದ್ದವರು, "ಗಟ್ಟಿ ಕೈ ಕಣವ್ವಾ ನಿಂದು" ಅಂತ ಮಾಲತಿಯ ಮಣಿಕಟ್ಟು ಹಿಡಿದು ನೋಡಿದರು.

ಅಣ್ಣಾ, ಆ ಮಾತು ಕೇಳಿ ನನಗೆ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ? ಅಂಬಲಿ ಕೊಡವನ್ನು ಅಲ್ಲೇ ಬಿಟ್ಟು ಮನೆಗೆ ಬಂದು ಅತ್ತುಬಿಟ್ಟೆ. ಎಂಟು ವರ್ಷದ ಹಿಂದೆ ಅದೇ ಆಲದ ಬುಡದಲ್ಲಿ ಹಗ್ಗ ಹಿಡಿದಿದ್ದ ಕೈ ಯಾರದು ಅಂತ ನಿನಗೂ ನನಗೂ ಮಾತ್ರ ಗೊತ್ತು. ಶಾಂತಿಯನ್ನು ಕಂಕುಳಲ್ಲಿ ಎತ್ತಿಕೊಂಡು, ನಿಮಗಿಬ್ಬರಿಗೂ ಮುದ್ದೆ ತಂದಿದ್ದೇನೆ ಅಂತ ಕದ್ದು ಮೇಲೆ ಬಂದವಳು ನಾನು. ನೀನು ನಿನ್ನ ಭಾವನನ್ನು ಇಳಿಸುತ್ತಾ ಹಾಡುತ್ತಿದ್ದೆ, ಅವರು ಕೆಳಗಿನಿಂದ ಹಾಡಿಗೆ ಓ ಕೊಡುತ್ತಿದ್ದರು. ಅದನ್ನು ಕೇಳುವುದಕ್ಕೇ ಬಂದಿದ್ದೆ ಅಂದರೂ ಸರಿ. ಜೇನೋಡಿಸಲು ಹೊಗೆ ಹಾಕಿದ್ದ ಹಸಿ ಸೊಪ್ಪು ಆರುತ್ತಿದೆ ಅಂತ ನೀನು ಒದ್ದಾಡುತ್ತಿದ್ದಾಗ ಮಗುವನ್ನು ಚಾಪೆಯ ಮೇಲೆ ಮಲಗಿಸಿ, "ತತ್ತಾ, ಒಂದ್ ಗಳಿಗೆ ನಾನ್ ಇಡ್ಕೋತೀನಿ" ಅಂದವಳೂ ನಾನೇ. ನೀನು ಬೇಡವೆಂದೆ. ನಾನು ಕಿತ್ತುಕೊಂಡೆ. ಒಂದು ಜೇನು ಬಂದು ಕಣ್ಣಿನ ರೆಪ್ಪೆಗೆ ಚುಚ್ಚಿತು, ಕೈ ಸಡಿಲವಾಯಿತು, ಹಗ್ಗ ಸರ್ರನೆ ಹೋಯಿತು. ಅವರು ಕೆಳಗಿನ ಚಾಚುಗಲ್ಲಿನ ಮೇಲೆ ಬಿದ್ದ ಸದ್ದು ನಾನು ಹೇಳಬೇಕಾಗಿಲ್ಲ, ನೀನೂ ಕೇಳಿದ್ದೀಯ.

ನನ್ನನ್ನು ಹಿಂದಿನ ದಾರಿಯಲ್ಲಿ ಓಡಿಸುತ್ತಾ ನೀನು ಅಂದ ಮಾತು ನೆನಪಿದೆಯಾ? "ಇಡ್ದಿದ್ದು ನಾನೇ. ನಾನು ಗಂಡ್ಸು, ಎಲ್ಲಾದ್ರೂ ಬದುಕ್ತೀನಿ. ನೀನೆಲ್ಲಿಗ್ ಓಗ್ತೀಯೇ?" ಮಗುವಿನ ತಲೆ ಮುಟ್ಟಿಸಿ ಆಣೆ ಹಾಕಿಸಿಕೊಂಡೆ. ತಂಗಿಯ ಗಂಡನ ಹಗ್ಗ ಬಿಟ್ಟವನು ಅಂತ ಊರೆಲ್ಲ ಅಂದಿತು. ಧರ್ಮಪುರಿ ಆಸ್ಪತ್ರೆಯಲ್ಲಿ ನೀನು ಮಾವಿನಹಣ್ಣು ಹಿಡಿದು ಬಂದಾಗ ಅವರು ಗೋಡೆ ಕಡೆ ತಿರುಗಿ ಮಲಗಿದರು. ದೀಪಾವಳಿಗೆ ಮೊದಲೇ ನೀನು ತಿರುಚೆಂಗೋಡಿನ ರಿಗ್ ಲಾರಿ ಹತ್ತಿ ಹೋದೆ. ಆವತ್ತಿನಿಂದ ಈ ಮನೆಯಲ್ಲಿ ನಿನ್ನ ಹೆಸರು ಹೇಳುವವಳು ನಾನೊಬ್ಬಳೇ, ಅದೂ ಒಲೆಯ ಮುಂದೆ, ಶಾಂತಿಯೊಬ್ಬಳನ್ನು ಬಿಟ್ಟು ಯಾರಿಗೂ ಕೇಳದ ಹಾಗೆ. ನೀನು ಮದುವೆಯೂ ಆಗಲಿಲ್ಲ. ಹೆಣ್ಣು ಕೊಡುವವರು ಮೊದಲು ವಿಚಾರಿಸುವುದೇ ನಮ್ಮೂರಿನಲ್ಲಿ ತಾನೆ.

ಈಗ ಆಗಿರುವ ಕಷ್ಟ ಇದು. ಬಂಡೆಗೆ ಈ ವರ್ಷ ಮೂರು ಹೆಜ್ಜೇನು ಬಂದು ಕೂತಿವೆ. ಬಟ್ಟೆ ಇಳಿಬಿಡುವ ದಾರಿಯಲ್ಲಿ ಎಲ್ಲಿ ಕಾಲಿಟ್ಟರೆ ಜೇನು ಏಳುವುದಿಲ್ಲ, ಯಾವ ಕಲ್ಲು ಅಲ್ಲಾಡುತ್ತದೆ ಅಂತ ತಿಳಿದಿರುವವರು ನಿನ್ನ ಭಾವ ಒಬ್ಬರೇ. ಯಾರಾದರೂ ಮೊದಲು ಇಳಿದು ಗುರುತು ಹಾಕಬೇಕು. ಮಕ್ಕಳು ನಾವೇ ಇಳಿಯುತ್ತೇವೆ ಅನ್ನುತ್ತಾರೆ. ಪೊನ್ನುಸ್ವಾಮಿ ಅನ್ನುವ ಹುಡುಗ ಕಳೆದ ಭಾನುವಾರ ಹೇಳದೆ ಕೇಳದೆ ಇಳಿಯಲು ಹೋಗಿ ಕಲ್ಲು ಜಾರಿಸಿದ. ಜೇನು ಎದ್ದು, ನಮ್ಮ ಪುಣ್ಯ, ಮತ್ತೆ ಕೂತಿತು. ಆವತ್ತಿನಿಂದ ಇವರಿಗೆ ಊಟ ಸೇರುತ್ತಿಲ್ಲ. ತಾನು ಇಳಿಯದಿದ್ದರೆ ಆ ಮಕ್ಕಳಲ್ಲಿ ಒಬ್ಬರು ಉಳಿಯುವುದಿಲ್ಲ ಅಂತ ಗೊತ್ತು. ಇಳಿಯೋಣವೆಂದರೆ, "ನನ್ ಅಗ್ಗ ಇಡಿಯೋರು ಯಾರವ್ರೆ?" ಅಂತ ಅತ್ತೆಯ ಮುಂದೆ ಒಂದೇ ಸಲ ಅಂದರು. ಆ ಮಾತು ಕೋಪದ್ದಲ್ಲ ಅಣ್ಣಾ. ಅದು ನೀನಿಲ್ಲದ ಕೊರಗು.

ಅದಕ್ಕೇ ಈ ಕಾಗದ. ನನ್ನ ಆಣೆಯಿಂದ ನನ್ನನ್ನು ಬಿಡಿಸು. ಹೇಳಿಕೋ ಅಂತ ಒಂದು ಮಾತು ಬರೆದು ಹಾಕು, ಸಾಕು. ಆಮೇಲೆ ಅವರು ನನ್ನನ್ನು ಏನು ಬೇಕಾದರೂ ಮಾಡಲಿ. ನಿನಗಾದರೂ ಈ ಮನೆಯ ಬಾಗಿಲು ತೆರೆಯಲಿ.

ವೇಳೆಗೆ ಸರಿಯಾಗಿ ಉಣ್ಣು. ರಿಗ್ಗಿನ ಹತ್ತಿರ ನಿದ್ದೆಗಣ್ಣಲ್ಲಿ ನಿಲ್ಲಬೇಡ. ಶಾಂತಿ ಮಾಮನಿಗೆ ಮುತ್ತು ಹೇಳಿದ್ದಾಳೆ, ಅದೂ ಕನ್ನಡದಲ್ಲೇ. ಅಪ್ಪ ಅಮ್ಮ ಎಲ್ಲಿದ್ದಾರೋ ಅಲ್ಲಿಂದಲೇ ನಿನ್ನನ್ನು ಕಾಯಲಿ.

ನಿನ್ನ ತಂಗಿ,
ಅಂಜಮ್ಮ

ವಿ.ಸೂ.: ಗುರುವಾರ ಬೆಳಿಗ್ಗೆ ಅವಸರದಲ್ಲಿ ಬರೆಯುತ್ತಿದ್ದೇನೆ, ಅಂಚೆಯವನು ಬರುವ ಹೊತ್ತು. ಅಣ್ಣಾ, ನಿನ್ನ ಉತ್ತರಕ್ಕೆ ಕಾಯಲು ನನ್ನ ಕೈಲಾಗಲಿಲ್ಲ. ನಿನ್ನೆ ಮಧ್ಯಾಹ್ನ ಕುರಿದೊಡ್ಡಿಯಲ್ಲಿ ಇವರಿಗೆ ಎಲ್ಲ ಹೇಳಿಬಿಟ್ಟೆ. ಕುರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದರು. ಕಾಲು ಮುರಿದದ್ದರ ಬಗ್ಗೆ ಒಂದು ಮಾತೂ ಇಲ್ಲ. "ಎಂಟು ವರ್ಷ ಅವನ ಎಸ್ರು ಎತ್ನಿಲ್ವಲ್ಲೇ ನಾನು" ಅಂತ ಅಂದು ಆ ಕುರಿಯನ್ನು ಹಿಡಿದುಕೊಂಡೇ ಅತ್ತರು. ಇವತ್ತು ಎದ್ದವರೇ ಅತ್ತೆಯನ್ನು ಕರೆದು ಕೂರಿಸಿ, ಇದ್ದದ್ದು ಇದ್ದ ಹಾಗೆ ಅವರಿಗೂ ಹೇಳಿದರು. ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಹೋಗು ಅಂತ ಮಾತ್ರ ಅಂದಿಲ್ಲ. ಆಮೇಲೆ ಇವರು ನನ್ನ ಕಡೆ ತಿರುಗಿ ಹೇಳಿದರು: "ಇಪ್ಪತ್ತೈದಕ್ಕೆ ನಾನು ಇಳೀತೀನಿ. ನಿನ್ ಅಣ್ಣ ಬಂದ್ರೆ ಅಗ್ಗ ಅವ್ನು ಇಡೀಲಿ. ಬರ್ನಿಲ್ಲಾಂದ್ರೆ ನೀನೇ ಇಡಿ." ಕಟ್ಟಳೆಯ ಮಾತನ್ನು ಅತ್ತೆಯೂ ಎತ್ತಲಿಲ್ಲ. ಇನ್ನು ಹದಿನೇಳು ದಿನ ಇದೆ. ಅಣ್ಣಾ, ಈ ಸಲ ನಾನು ಬಿಡುವುದಿಲ್ಲ, ಹಿಡಿಯಬಲ್ಲೆ. ಆದರೂ ನೀನು ಬಾ.