‘ತಂಗಿ’ ಎಂಬ ಫೋಲ್ಡರ್

ಮಾರ್ಚ್ ೪
ನನ್ನ ನಲ್ಲಿ-ಪೈಪಿನ ಅಂಗಡಿಗೆ ಇವತ್ತೂ ಗಿರಾಕಿ ಇಲ್ಲ. ಕಂಪ್ಯೂಟರಿನಲ್ಲಿ ಉಳಿಸಿಟ್ಟ ಬುಕ್‌ಮಾರ್ಕ್ ವಿಂಗಡಿಸುತ್ತಾ ಕೂತೆ. ಶವರ್ ಹೋಲ್‌ಸೇಲ್, ಬೆನ್ನುನೋವಿನ ವ್ಯಾಯಾಮ, ಹೆಂಡತಿ ನೋಡಿಟ್ಟ ಸೋಫಾ — ಎಲ್ಲ ಕಲಸುಮೇಲೋಗರ. ಅಂಗಡಿಗೂ ಮನೆಗೂ ಒಂದೇ ಅಕೌಂಟ್. ಯಾರು ಯಾವ ಫೋನಿನಲ್ಲಿ ಏನು ಉಳಿಸಿದರೂ ನನ್ನ ಕಂಪ್ಯೂಟರಿನಲ್ಲಿ ಹಾಜರ್.
ಸೋಫಾವನ್ನು ‘ಆಮೇಲೆ’ ಫೋಲ್ಡರಿಗೆ ತಳ್ಳಿದೆ. ಸಂಜೆಗೆ ‘ಅರ್ಜೆಂಟ್’ನಲ್ಲಿತ್ತು. ಹೆಂಡತಿಯ ಕೈಚಳಕ.

ಮಾರ್ಚ್ ೫
ತಂಗಿಯದನ್ನೆಲ್ಲ ಒಂದು ಕಡೆ ಸೇರಿಸಿದೆ. ಗಂಡ ಅವಳ ಕೈ ಮುರಿದ ಮೇಲೆ ಮಗುವನ್ನೆತ್ತಿಕೊಂಡು ಮನೆ ಬಿಟ್ಟವಳು. ಈಗ ಬೇರೆ ಊರು. ಎಲ್ಲಿ ಅಂತ ನನ್ನನ್ನೂ ಹೆಂಡತಿಯನ್ನೂ ಬಿಟ್ಟರೆ ನರಪಿಳ್ಳೆಗೂ ಗೊತ್ತಿಲ್ಲ. ಬಾಡಿಗೆ ಮನೆ, ಕೆಲಸದ ಜಾಗ, ಮಗುವಿನ ಸ್ಕೂಲು. ಫೋಲ್ಡರಿನ ಹೆಸರು ‘ತಂಗಿ’. ಅವಳ ಫೋನಿನಲ್ಲೂ ಇದೇ ಅಕೌಂಟ್; ನೋಡಿದವಳೇ ಫೋನ್ ಮಾಡಿ ನಕ್ಕಳು.
“ಏನಣ್ಣ, ನನ್ನನ್ನೂ ನಲ್ಲಿ ತರ ಜೋಡಿಸಿಬಿಟ್ಯಾ?”
“ಬೇಕಾದಾಗ ಥಟ್ ಅಂತ ಸಿಗಬೇಕಲ್ವೇನೇ ಪುಟ್ಟಿ.”
ಎಷ್ಟು ದಿನವಾಗಿತ್ತು ಅವಳ ನಗು ಕೇಳಿ...

ಮಾರ್ಚ್ ೧೧
‘ತಂಗಿ’ಯಲ್ಲಿ ಹೊಸದೊಂದು. ಲಾಡ್ಜ್. ಅವಳ ಮನೆಯ ಹಿಂದಿನ ಬೀದಿಯದು. ನಾನು ಹಾಕಿದ್ದಲ್ಲ.
ಹೆಂಡತಿ: “ನನಗ್ಯಾಕ್ರೀ ಲಾಡ್ಜು? ಸೋಫಾನೇ ಬಂದಿಲ್ಲ.”
ತಂಗಿಯೂ ಅಲ್ಲವಂತೆ. ಯಾರೋ ಕೈತಪ್ಪಿ ಒತ್ತಿರಬೇಕು. ಅಳಿಸಿದೆ.

ಮಾರ್ಚ್ ೧೨, ಮಧ್ಯಾಹ್ನ
ಲಾಡ್ಜ್ ವಾಪಸ್ ಬಂದಿದೆ. ಕೆಳಗೆ ಒಂದು ಮ್ಯಾಪು — ಲಾಡ್ಜಿನಿಂದ ಸ್ಕೂಲಿನ ಗೇಟಿಗೆ, ನಡೆದು ಹೋಗುವ ದಾರಿ.
ಆಗ ಹೊಳೆಯಿತು. ಅಂಗಡಿಯ ಹಳೇ ಲ್ಯಾಪ್‌ಟಾಪ್ ತಂಗಿಗೆ ಕೊಟ್ಟಿದ್ದೆ, ಅದರಲ್ಲೂ ಇದೇ ಅಕೌಂಟ್. ಫೋನ್ ಮಾಡಿದೆ.
“ಅದಾ? ಅಲ್ಲೇ ಬಿಟ್ಟು ಬಂದೆ ಅಣ್ಣ, ಅವನ ಟೇಬಲ್ ಮೇಲೆ. ಯಾಕೆ?”
ಹೇಳಿದೆ. ಆ ಕಡೆ ಓಡುವ ಸದ್ದು.
ಪಾಸ್‌ವರ್ಡ್ ಬದಲಿಸಿದೆ. ಈಗೇನು ಬಂತು? ಅವನಿಗೆ ಹುಡುಕುವ ಶ್ರಮವೂ ಬೇಡವಾಯಿತು, ಎಲ್ಲ ನಾನೇ ಜೋಡಿಸಿಟ್ಟಿದ್ದೆ.
ಪೊಲೀಸರಿಗೆ ಹೇಳಿದೆ. “ಮಗೂಗೆ ಅಪ್ಪ ತಾನೇ ಸಾರ್?” ಅಂದರು. ಗಂಟೆಗಟ್ಟಲೆ ಮಾತಾಡಿ ನಲ್ಲಿ ಮಾರುವವನು ನಾನು — ಇದೊಂದನ್ನು ಅವರಿಗೆ ಒಪ್ಪಿಸಲಾಗಲಿಲ್ಲ. ಸ್ಕೂಲಿನ ಫೋನು ಎಂಗೇಜ್. ಮತ್ತೆ ಎಂಗೇಜ್.
ಸ್ಕೂಲು ಬಿಡುವುದು ಮೂರೂವರೆಗೆ. ಈಗಿನ್ನೂ ಮೂರು. ತಂಗಿ ತಲುಪುತ್ತಾಳೆ. ತಲುಪಿಯೇ ತಲುಪುತ್ತಾಳೆ. ಸುಮ್ಮನೆ ಕೂರಲಾಗದೆ ಇದನ್ನು ಬರೆಯುತ್ತಿದ್ದೇನೆ.

ಮೂರೂಕಾಲಿಗೆ ಫೋನ್ ಬಂತು. ಅವಳೇ ಅಂತ ಎತ್ತಿದೆ.
“ಭಾವಾ, ನಿಮ್ಮ ಅಚ್ಚುಕಟ್ಟು ಅಂದ್ರೆ ಅಚ್ಚುಕಟ್ಟು ಬಿಡಿ.”
ಹಿಂದೆ ಮಗುವಿನ ದನಿ — “ಅಪ್ಪಾ, ಯಾರದು, ಮಾವನಾ?”
ಕಟ್ ಮಾಡಿದ. ಸ್ಕೂಲು ಬಿಡುವ ಮೊದಲೇ ಕರೆದೊಯ್ದಿದ್ದಾನೆ. ತಂಗಿಯ ಕಾಲ್ ಬರುತ್ತಿದೆ. ಗೇಟಿನ ಹತ್ತಿರ ಇರಬೇಕು. ಎತ್ತಿ ಏನಂತ—