ಇಪ್ಪತ್ತೇಳನೆಯ ಪ್ಯಾರಾ

ವಲಸಿಗರ ಬಂಧನ ಶಿಬಿರದಿಂದ, ಪರ್ತ್ ಹತ್ತಿರ, ಆಸ್ಟ್ರೇಲಿಯಾ
ಮೇ ೧೨, ೨೦೧೮, ಶನಿವಾರ

ಯೋಗರಾಣಿಗೆ ತವರಾಸ ಬರೆಯುವುದು.

ನೀನು ಕ್ಷೇಮವಾಗಿದ್ದೀಯೆ ಎಂದುಕೊಂಡಿದ್ದೇನೆ. ನಾನು ಊಟ ನಿದ್ದೆಗೆ ಕೊರತೆಯಿಲ್ಲದೆ ಇದ್ದೇನೆ. ಇನ್ನು ಫೋನ್ ಮಾಡಬೇಡಿ, ಪತ್ರವೂ ಬೇಡ ಎಂದು ನೀನು ಹೇಳಿ ಮೂರು ವರ್ಷ ದಾಟಿತು. ನಿನ್ನ ಮಾತು ಮೀರಿರಲಿಲ್ಲ. ಇವತ್ತು ಮೀರುತ್ತಿದ್ದೇನೆ. ನಿನ್ನ ತಮ್ಮನ ಸುದ್ದಿ ಬೇರೆಯವರ ಬಾಯಿಂದ ನಿನಗೆ ತಲುಪುವುದು ಬೇಡವೆನಿಸಿತು. ಗಾಬರಿಯಾಗಬೇಡ. ಒಳ್ಳೆಯ ಸುದ್ದಿಯೇ.

ನೇಸನ್ ಹೊರಗೆ ಹೋದ. ಕೋರ್ಟಿನಲ್ಲಿ ಗೆದ್ದ, ಆಶ್ರಯ ಕೋರಿದ ಅವನ ಅರ್ಜಿಯನ್ನು ಬೇರೆ ಅಧಿಕಾರಿ ಮತ್ತೆ ಮೊದಲಿನಿಂದ ನೋಡಿದರು, ಕಳೆದ ತಿಂಗಳು ವೀಸಾ ಬಂತು. ಈಗ ಪರ್ತ್‌ನಲ್ಲಿ ಒಂದು ಬೇಕರಿಯಲ್ಲಿ ಕೆಲಸ. ಗೇಟು ದಾಟುವಾಗ ಅತ್ತ. ನಿನಗೆ ಬರೆಯುತ್ತೇನೆ ಎಂದಿದ್ದಾನೆ, ಆದರೆ ಅವನ ಬರವಣಿಗೆಯ ಸೋಮಾರಿತನ ನಿನಗೇ ಗೊತ್ತು.

ಹೇಗೆ ಗೆದ್ದ ಎಂದು ಅವನು ಬರೆದರೆ ಎಲ್ಲ ಕೀರ್ತಿಯನ್ನೂ ಭಾವನಾದ ನನಗೇ ಕೊಡುತ್ತಾನೆ. ಅದು ಪೂರ್ತಿ ನಿಜವಲ್ಲ, ಹಾಗಾಗಿ ನಾನೇ ಹೇಳುತ್ತೇನೆ.

ಎರಡು ವರ್ಷದ ಹಿಂದೆ ನಮ್ಮಿಬ್ಬರ ಅರ್ಜಿಯನ್ನೂ ಒಬ್ಬನೇ ಅಧಿಕಾರಿ ಒಂದೇ ವಾರದಲ್ಲಿ ತಿರಸ್ಕರಿಸಿದ. ಕೋರ್ಟಿಗೆ ಹೋಗಲು ಉಳಿದದ್ದು ತಿಂಗಳಿಗಿಂತ ನಾಲ್ಕು ದಿನ ಹೆಚ್ಚು, ಅಷ್ಟೇ. ಪುಕ್ಕಟೆ ಕೇಸು ನಡೆಸುವ ಲಾಯರ್ ಹೆಣ್ಣುಮಗಳು ಕಾಗದ ನೋಡಿ, ತನ್ನ ಬಳಿ ನಿಮ್ಮಂಥವರದು ಇನ್ನೂರಿದೆ, ಗೆಲ್ಲುವಂಥದ್ದನ್ನು ಮಾತ್ರ ಹಿಡಿಯಬಲ್ಲೆ ಎಂದು ಕೈಮುಗಿದಳು. ಅವಳನ್ನು ಬೈಯುವುದಕ್ಕೂ ಮನಸ್ಸಾಗಲಿಲ್ಲ.

ಬುಧವಾರ ಬುಧವಾರ ಇಲ್ಲಿಗೆ ಕಾರಲ್ ಎಂಬ ಮುದುಕಿ ಬರುತ್ತಾರೆ. ಕಾನೂನು ಕಾಲೇಜಿನ ಲೈಬ್ರರಿ ನೋಡಿಕೊಂಡಿದ್ದವರು, ಈಗ ನಿವೃತ್ತಿ. ಬಂದವರಿಗೆಲ್ಲ ನಿಂಬೆಹಣ್ಣಿನ ಕೇಕು ಕೊಟ್ಟು, ನಮ್ಮ ಮಾತು ಕೇಳಿಕೊಂಡು ಹೋಗುತ್ತಿದ್ದರು. ನಾನು ಅವರ ಮುಂದೆ ಕಾಗದ ಹರಡಿದೆ.

"ನಾನು ಲಾಯರ್ ಅಲ್ಲಪ್ಪ. ಹೀಗೆ ಮಾಡು, ಹಾಗೆ ಮಾಡು ಅಂತ ನಾನು ಹೇಳಿದ್ರೆ ನನ್ನನ್ನೂ ಒಳಗೆ ಹಾಕ್ತಾರೆ. ಹುಡುಕೋದು ಹೇಗೆ ಅಂತ ಬೇಕಾದ್ರೆ ತೋರಿಸ್ತೀನಿ. ಹುಡುಕೋನು ನೀನೇ" ಎಂದರು.

ಕಂಪ್ಯೂಟರ್ ಕೋಣೆಯಲ್ಲಿ ಒಬ್ಬರಿಗೆ ದಿನಕ್ಕೆ ಒಂದು ಗಂಟೆ. ಈ ದೇಶದ ತೀರ್ಪುಗಳೆಲ್ಲ ಅದರಲ್ಲಿ ಬಿಟ್ಟಿ ಸಿಗುತ್ತವೆ. ಮೊದಲು ಕೊನೆಯ ಪುಟ ಓದಬೇಕು, ಯಾರು ಗೆದ್ದರೆಂದು ತಿಳಿದ ಮೇಲೆ ಯಾಕೆ ಎಂದು ಹಿಂದಕ್ಕೆ ಹೋಗಬೇಕು ಎಂದು ಕಾರಲ್ ಹೇಳಿಕೊಟ್ಟರು. ನನ್ನ ಇಂಗ್ಲಿಷ್ ನಿನಗೆ ಗೊತ್ತಲ್ಲ, ಯಮಹಾ ಎಂಜಿನ್ನಿನ ಪುಸ್ತಕ ಓದುವಷ್ಟು. ಒಂದು ಪುಟಕ್ಕೆ ಒಂದು ಗಂಟೆಯೂ ಸಾಲುತ್ತಿರಲಿಲ್ಲ. ಕಾವಲಿನ ಕ್ರೇಗ್ ಬಾಗಿಲಲ್ಲಿ ನಿಂತು, "ಏನ್ ಬ್ಯಾರಿಸ್ಟರ್ ಸಾಹೇಬ್ರೇ, ಇವತ್ತು ಯಾರಿಗೆ ಬಿಡುಗಡೆ?" ಎಂದು ರೇಗಿಸುತ್ತಿದ್ದ.

ಮೊದಲ ಸಲ ಕೋರ್ಟಿಗೆಂದು ಬರೆದದ್ದು ಲಂಕೆಯಲ್ಲಿನ ನಮ್ಮ ಕಥೆ. ಮುಲ್ಲೈತೀವಿನ ದಡ, ಹೋರಾಟಗಾರರ ದೋಣಿಗೆ ನಾನು ರಿಪೇರಿ ಮಾಡಿಕೊಟ್ಟ ಎಂಜಿನ್, ಆಮೇಲೆ ಸೈನ್ಯದವರು ನನ್ನ ಬೆನ್ನಿಗೆ ಮಾಡಿದ್ದು. ಕಾರಲ್ ಓದಿ ಕನ್ನಡಕ ತೆಗೆದರು.

"ಇದೆಲ್ಲ ನಿಜ ಅಂತ ನನಗೆ ಗೊತ್ತು, ತವರಾಸ. ಆದ್ರೆ ಜಡ್ಜ್ ನಿನ್ನನ್ನ ನಂಬಬೇಕಾ ಬೇಡ್ವಾ ಅಂತ ನೋಡೋ ಹಾಗೇ ಇಲ್ಲ. ನಂಬದೇ ಇದ್ದ ಅಧಿಕಾರಿ ಕಾನೂನು ಪ್ರಕಾರ ನಂಬಲಿಲ್ವಾ ಅಂತ ಮಾತ್ರ ನೋಡ್ತಾರೆ."

ನನಗೆ ಎಂಥ ಸಿಟ್ಟು ಬಂತೆಂದರೆ ಅವರ ಕೇಕನ್ನೂ ಮುಟ್ಟದೆ ಎದ್ದು ಬಂದೆ. ಒಂದು ವಾರ ಕಂಪ್ಯೂಟರ್ ಕೋಣೆ ಕಡೆ ಹೋಗಲಿಲ್ಲ. ನಮ್ಮ ಬದುಕು ನಿಜವೋ ಸುಳ್ಳೋ ಎಂಬುದು ಲೆಕ್ಕಕ್ಕೇ ಇಲ್ಲದ ಕಡೆ ಏನನ್ನು ಹುಡುಕುವುದು? ಮುಂದಿನ ಬುಧವಾರ ಅವರು ಮತ್ತೆ ಬಂದು ನನ್ನ ಹೆಸರು ಹೇಳಿ ಕರೆಸಿದರು. ಹೋದೆ.

ಆಮೇಲೆ ಹುಚ್ಚು ಹಿಡಿದವನಂತೆ ಓದಿದೆ. ನನ್ನಂಥದ್ದೇ ಕೇಸಿನಲ್ಲಿ ಒಬ್ಬ ಗೆದ್ದ ತೀರ್ಪು ಸಿಕ್ಕಿತು. ಕುಣಿದಾಡಿಬಿಟ್ಟೆ. ಅದನ್ನು ಮುಂದೆ ಯಾರಾದರೂ ಮುರಿದಿದ್ದಾರಾ ನೋಡು ಎಂದರು ಕಾರಲ್. ನೋಡಿದೆ. ಮೇಲಿನ ಕೋರ್ಟು ಅದನ್ನು ಆ ವರ್ಷವೇ ತಳ್ಳಿಹಾಕಿತ್ತು. ಸತ್ತ ತೀರ್ಪನ್ನು ಹಿಡಿದುಕೊಂಡು ಕುಣಿದಿದ್ದೆ.

ಆ ತೀರ್ಪುಗಳಲ್ಲಿ ನಮ್ಮಂಥವರ ಹೆಸರಿರುವುದಿಲ್ಲ. ನಾಲ್ಕು ಅಕ್ಷರ, ಒಂದು ಅಂಕಿ. ಆದರೂ ಒಂದನ್ನು ಓದುತ್ತಾ ಹೋದಂತೆ ಅದು ಯಾರೆಂದು ತಿಳಿದುಹೋಯಿತು. ಐಸ್ ಕಾರ್ಖಾನೆ, ಒಂದು ಕಿವಿ ಕೇಳಿಸದ ತಂದೆ, ಬೇಲಿ ಪಕ್ಕದ ಬಾವಿ. ನಮ್ಮೂರಿನ ಕಂದಪ್ಪು ಅವರ ಹಿರಿಯ ಮಗ. ಸೋತಿದ್ದ. ಅವನನ್ನು ವಾಪಸು ಕಳಿಸಿದ್ದೇ ನನಗೆ ಗೊತ್ತಿರಲಿಲ್ಲ. ಅವನು ಈಗ ಎಲ್ಲಿದ್ದಾನೆಂದು ನಿನಗೆ ಗೊತ್ತಿರಬಹುದು. ನನಗೆ ಹೇಳಬೇಡ.

ಇಷ್ಟಾದರೂ ನೇಸನ್ ತನ್ನ ಕಾಗದ ಬಿಚ್ಚಿಯೇ ಇರಲಿಲ್ಲ. ಇಂಗ್ಲಿಷಿನಲ್ಲಿ ಬೈಸಿಕೊಂಡಿದ್ದನ್ನು ಇನ್ನೊಂದು ಸಲ ಯಾಕೆ ಓದಲಿ ಎನ್ನುತ್ತಿದ್ದ. ಒಂದು ಮಧ್ಯಾಹ್ನ ಅವನ ಕಾಗದವನ್ನೂ ನನ್ನದನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಬೆರಳಿಟ್ಟು ಓದಿದೆ. ಇಪ್ಪತ್ತೇಳನೆಯ ಪ್ಯಾರಾದಲ್ಲಿ ಬೆರಳು ನಿಂತಿತು, ಎರಡರಲ್ಲೂ ಅದೇ ಮಾತು. ಅವನಿಗೆ ಓದಿ ಹೇಳಿದೆ: ಅರ್ಜಿದಾರನ ಹೆಂಡತಿ ಶಾಲೆಯ ಟೀಚರ್, ಅದೇ ಮನೆಯಲ್ಲಿ ಇಂದಿಗೂ ಇದ್ದಾಳೆ, ಆಕೆಗೆ ಯಾರೂ ತೊಂದರೆ ಕೊಟ್ಟಿಲ್ಲ, ಹಾಗಾಗಿ ಇವನಿಗೂ ಅಪಾಯವಿಲ್ಲ.

ನೇಸನ್ ಬಾಯಿ ಬಿಟ್ಟುಕೊಂಡು ಕೇಳಿದ. "ಭಾವ, ನನಗೆ ಮದುವೆ ಯಾವಾಗಾಯ್ತು?"

"ನಿನಗೇ ಗೊತ್ತಿರಬೇಕು."

"ಅಯ್ಯೋ ಶಿವನೇ, ಅದೂ ಟೀಚರ್ ಜೊತೆ! ನಮ್ಮಕ್ಕನ್ನೇ ನನಗೆ ಕಟ್ಟಿಬಿಟ್ಟಿದಾರಲ್ಲ ಭಾವ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕ್ರೇಗ್ ಓಡಿಬಂದು, ಜಗಳವೇನೋ ಎಂದು ನೋಡಿ ಹೋದ. ಆ ಅಧಿಕಾರಿ ನನ್ನ ತೀರ್ಮಾನ ಬರೆದು, ಅದರ ತುಂಡುಗಳನ್ನು ಎತ್ತಿ ನೇಸನ್‌ನದಕ್ಕೆ ಅಂಟಿಸಿದ್ದ. ಹೆಸರು ಬದಲಿಸಿದ್ದ, ನಿನ್ನನ್ನು ತೆಗೆಯುವುದು ಮರೆತಿದ್ದ.

ನಗು ನಿಂತ ಮೇಲೆ ನನಗೆ ಅರ್ಥವಾಯಿತು. ಅವನ ಕಾಗದದಲ್ಲಿ ಅದು ತಪ್ಪು. ನನ್ನದರಲ್ಲಿ ತಪ್ಪಲ್ಲ, ನಿಜವಾಗಿ ನನ್ನದೇ ವಿಷಯ. ನೇಸನ್‌ಗೂ ಅರ್ಥವಾಯಿತು. "ನಿಮಗೆ ಉಪಯೋಗ ಇಲ್ದೇ ಇರೋದು ನನಗೂ ಬೇಡ ಭಾವ" ಎಂದು ಕಾಗದ ಕಿತ್ತುಕೊಂಡ. ನಾನು ಬೈದೆ. ನಿಮ್ಮಕ್ಕನಿಗೆ ಏನು ಉತ್ತರ ಕೊಡಲಿ, ಇಬ್ಬರೂ ಒಟ್ಟಿಗೆ ಮುಳುಗಿದೆವು ಅಂತಲಾ ಎಂದು ಕೇಳಿದೆ. ಆಗ ಕಾಗದವನ್ನು ವಾಪಸು ಕೊಟ್ಟ.

ಅಂಟಿಸಿದ ಮಾತಿನ ಬಗ್ಗೆ ಹಿಂದೆ ಯಾರಾದರೂ ತೀರ್ಪು ಕೊಟ್ಟಿದ್ದಾರಾ ಎಂದು ಹುಡುಕಿದೆ. ಅಂಟಿಸಿದ್ದೇ ಅಪರಾಧವಲ್ಲ, ಅಧಿಕಾರಿ ಈ ಮನುಷ್ಯನ ವಿಷಯಕ್ಕೆ ಗಮನ ಕೊಡಲೇ ಇಲ್ಲವೆಂದು ತೋರಿಸಬೇಕು ಎಂದಿತ್ತು. ಅದನ್ನೇ ಬರೆದೆ. ಎರಡು ಪುಟ. ಮುಲ್ಲೈತೀವಿನ ಒಂದು ಹನಿ ನೀರೂ ಅದರಲ್ಲಿರಲಿಲ್ಲ. ನನ್ನದಕ್ಕೂ ಹೇಗೋ ಒಂದು ದಾರಿ ಮಾಡಿದೆ: ಎರಡು ಕೇಸನ್ನು ಕಲಸಿಕೊಂಡವನು ನನ್ನದನ್ನು ಮಾತ್ರ ಸರಿಯಾಗಿ ನೋಡಿದ ಎಂದು ಹೇಗೆ ಹೇಳುವುದು ಅಂತ.

ಇಬ್ಬರದೂ ಒಂದೇ ಜಡ್ಜ್ ಮುಂದೆ, ಟಿವಿ ಪರದೆಯಲ್ಲಿ. ನೇಸನ್‌ನದು ಮುಗಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ, ಸರ್ಕಾರದ ಲಾಯರೇ ತಲೆ ತಗ್ಗಿಸಿದ. ಆಮೇಲೆ ನನ್ನದು.

"ಇಪ್ಪತ್ತೇಳನೇ ಪ್ಯಾರಾದಲ್ಲಿರೋದು ನಿಮ್ಮ ಹೆಂಡತಿ ವಿಷಯನೇ ಅಲ್ವೇ?"

"ಹೌದು ಸ್ವಾಮಿ."

"ಆಕೆಗೆ ತೊಂದರೆ ಆಗಿಲ್ಲ ಅಂತ ನೀವೇ ಅಧಿಕಾರಿಗೆ ಹೇಳಿದ್ದು?"

"ಹೌದು ಸ್ವಾಮಿ."

"ಹಾಗಾದ್ರೆ ತಪ್ಪು ಎಲ್ಲಿದೆ, ತೋರಿಸಿ."

ಆತ ಒರಟಾಗಿ ಕೇಳಲಿಲ್ಲ. ನನಗೆ ತೋರಿಸಲು ಆಗಲಿಲ್ಲ. ಮೇಲಿನ ಕೋರ್ಟಿಗೂ ಹೋದೆ. ಅಲ್ಲಿಯೂ ಮುಗಿಯಿತು.

ಈಗ ಉಳಿದದ್ದನ್ನು ಹೇಳುತ್ತೇನೆ. ಬರುವ ಗುರುವಾರ ನನ್ನನ್ನು ವಿಮಾನದಲ್ಲಿ ಕೊಲಂಬೋಗೆ ಕಳಿಸುತ್ತಾರೆ. ನೇಸನ್‌ಗೆ ದಿನ ಹೇಳಿಲ್ಲ. ಗೇಟಿನ ಹತ್ತಿರ ಬಂದು ಗಲಾಟೆ ಮಾಡಿದರೆ ಅವನ ವೀಸಾಕ್ಕೇ ಕುತ್ತು. ನೀನು ವಿಮಾನ ನಿಲ್ದಾಣಕ್ಕೆ ಬರಬೇಡ. ಬಂದವರ ಫೋಟೋ ತೆಗೆಯುತ್ತಾರಂತೆ. ದೋಣಿಯಲ್ಲಿ ದೇಶ ಬಿಟ್ಟವರನ್ನು ವಿಮಾನ ನಿಲ್ದಾಣದ ಹತ್ತಿರದ ನೀರ್ಕೊಳಂಬಿನ ಕೋರ್ಟಿಗೆ ಒಯ್ದು, ಜಾಮೀನು ಸಿಕ್ಕರೆ ಬಿಡುತ್ತಾರೆ. ಜಾಮೀನಿಗೆ ದೊಡ್ಡಪ್ಪನ ಮಗನಿಗೆ ಹೇಳಿಸಿದ್ದೇನೆ, ನೀನು ಸಹಿ ಹಾಕಬೇಡ. ಆಮೇಲೂ ನಾನು ಮನೆಗೆ ಬರುವುದಿಲ್ಲ. ಯಾರು ಕೇಳಿದರೂ ಸಂಬಂಧವಿಲ್ಲ ಎನ್ನು. ಎಂದಿನಂತೆ ಶಾಲೆಗೆ ಹೋಗು.

ಕಾರಲ್ ಕಳೆದ ಬುಧವಾರ ಬಂದಿದ್ದರು. ಕೇಕಿನ ಡಬ್ಬಿಯನ್ನೂ ತೆರೆಯದೆ ಕೂತರು. ಇಲ್ಲಿ ಹೊಸದಾಗಿ ಬಂದ ಒಬ್ಬ ಇರಾನಿನವನಿಗೆ ಹುಡುಕುವುದನ್ನು ಕಲಿಸುತ್ತಿದ್ದೇನೆ, ಅವನ ಗಡುವು ಹತ್ತಿರವಿದೆ ಎಂದು ಹೇಳಿ ಅವರನ್ನು ಆ ಕಡೆ ಕರೆದುಕೊಂಡು ಹೋದೆ.

ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ಇಲ್ಲಿನ ಚರ್ಚಿನವರೊಬ್ಬರು ಆ ಕಡೆ ಬರುತ್ತಿದ್ದಾರೆ, ಶಾಲೆಯಲ್ಲೇ ನಿನ್ನ ಕೈಗೆ ಕೊಡುತ್ತಾರೆ. ಓದಿ ಒಲೆಗೆ ಹಾಕು.

ನಿನ್ನ,
ತವರಾಸ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನನ್ನ ಕೊನೆಯ ಫೋನಿನ ಮಾರನೇ ದಿನ ಸೈನ್ಯದವರು ಬಂದು ನಿನ್ನನ್ನು ಕರೆದುಕೊಂಡು ಹೋದದ್ದು, ಎರಡು ದಿನ ಇಟ್ಟುಕೊಂಡದ್ದು, ನೇಸನ್ ಊರಿನವರಿಂದ ತಿಳಿದು ನನಗೆ ಹೇಳಿದ್ದಾನೆ. ಅವನನ್ನು ಬೈಯಬೇಡ, ಜ್ವರದಲ್ಲಿ ಬಾಯಿ ಬಿಟ್ಟ. ಆಗಿನ್ನೂ ನನ್ನ ಅರ್ಜಿಯ ತೀರ್ಮಾನವಾಗಿರಲಿಲ್ಲ, ಹೊಸ ಸಂಗತಿಯಿದ್ದರೆ ಬರೆದುಕೊಡಿ ಎಂದು ಅಧಿಕಾರಿ ಕೇಳಿದ್ದ. ದುಭಾಷಿ ನಿಮ್ಮ ಚಿಕ್ಕಮ್ಮನ ಬೀದಿಯವನು. ನೀನು ನನಗೇ ಹೇಳದ್ದನ್ನು ಅವನ ಬಾಯಿಂದ ಹೇಳಿಸಲು ನನ್ನಿಂದ ಆಗಲಿಲ್ಲ. ತೊಂದರೆ ಆಗಿಲ್ಲ ಎಂದೇ ಹೇಳಿದೆ. ಬರೆಯಿರಿ ಎಂದು ನೀನು ಅನ್ನುತ್ತಿದ್ದೆಯೋ ಏನೋ. ನಿನ್ನನ್ನು ಕೇಳಲು ದಾರಿಯಿರಲಿಲ್ಲ.