ಊದಬೇಡಮ್ಮ, ಎಳೆದುಕೋ

ಅಮ್ಮಾ,

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು ಬರೆಯುತ್ತಿದ್ದೇನೆ. ಕೂತು ಅನ್ನುವುದೂ ಸುಳ್ಳು, ಎರಡು ಸಾಲಿಗೊಮ್ಮೆ ಎದ್ದು ಲಿಫ್ಟ್ ಕಡೆ ನೋಡಿ ಬರುತ್ತಿದ್ದೇನೆ. ವಾರ್ಡಿಗೆ ಒಬ್ಬರನ್ನೇ ಬಿಡುತ್ತಾರೆ, ಆ ಒಬ್ಬರು ಅಪ್ಪ. ಫೋನ್ ಮಾಡಿದರೆ ಅವರೇ ಎತ್ತಿ, "ಶ್, ಈಗ ತಾನೇ ಕಣ್ಣು ಮುಚ್ಚಿದ್ದಾಳೆ, ಆಮೇಲೆ ಮಾಡು" ಅಂತ ಇಟ್ಟುಬಿಡುತ್ತಾರೆ. ಲೈಬ್ರರಿಯಲ್ಲಿ ಕೆಲಸ ಮಾಡುವವರ ಕೈಗೆ ರೋಗಿಯನ್ನು ಕೊಟ್ಟರೆ ಹೀಗೇ. ಅದಕ್ಕೇ ಈ ಕಾಗದ, ನರ್ಸ್ ಅಕ್ಕನ ಕೈಯಲ್ಲಿ.

ಹೆದರುತ್ತೀಯ ಅಂತ ನಿನಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಪಿತ್ತಕೋಶದ ಆಪರೇಷನ್ ಚೆನ್ನಾಗಿಯೇ ಆಗಿದೆ. ಆದರೆ ಅನಸ್ತೇಶಿಯಾ ಕೊಟ್ಟು ಮಲಗಿಸಿದ್ದಾಗ ನಿನ್ನ ಬಲಗಡೆ ಶ್ವಾಸಕೋಶದ ಕೆಳಭಾಗ ಮುದುಡಿಕೊಂಡಿದೆ. ಅಲ್ಲಿಗೆ ಗಾಳಿ ಹೋಗುತ್ತಿಲ್ಲ. ಎಷ್ಟೋ ಜನಕ್ಕೆ ಆಗುತ್ತದಂತೆ, ತಾನಾಗಿ ಬಿಚ್ಚಿಕೊಳ್ಳುತ್ತದಂತೆ. ನಿನ್ನದು ಬಿಚ್ಚಿಕೊಂಡಿಲ್ಲ. ನಾನು ಫಸ್ಟ್ ಇಯರ್ ಕಾಮರ್ಸ್, ನನ್ನನ್ನು ನಂಬಬೇಡ, ಎಕ್ಸ್‌ರೇ ನಂಬು. ಹೊಲಿಗೆ ನೋಯುತ್ತದೆಂದು ನೀನು ಮೇಲುಮೇಲೆ ಉಸಿರಾಡುತ್ತೀಯ, ಕೆಮ್ಮು ಬಂದರೆ ನುಂಗುತ್ತೀಯ. ಅಪ್ಪ ಹೊದಿಕೆ ಎಳೆದು "ಅಲ್ಲಾಡಬೇಡ, ರೆಸ್ಟ್ ತಗೋ" ಅನ್ನುತ್ತಾರೆ. ಅವರದು ಪ್ರೀತಿಯೇ. ಆದರೆ ಹೀಗೇ ಮಲಗಿದ್ದರೆ ರಾತ್ರಿಯ ಹೊತ್ತಿಗೆ ಐಸಿಯುಗೆ ಸಾಗಿಸಿ, ಗಾಳಿ ಒತ್ತುವ ಬಿಗಿ ಮಾಸ್ಕ್ ಹಾಕಬೇಕಾಗಬಹುದು ಅಂದಿದ್ದಾರೆ ಡಾಕ್ಟರು.

ಇನ್ನೊಂದು ವಿಷಯ, ಉಸಿರಿನ ವ್ಯಾಯಾಮಕ್ಕೆ ಕೊಟ್ಟ ಆ ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿಯದು. ನಿನ್ನೆ ಅದನ್ನು ಪಕ್ಕಕ್ಕಿಟ್ಟು, "ಒಂದೂ ಮೇಲೇಳ್ತಿಲ್ಲ, ನನ್ನ ಗಾಡಿ ಡಿಪೋ ಸೇರ್ತು ಬಿಡು" ಅಂದೆಯಲ್ಲ, ನಾನೂ ಒಳಗೊಳಗೇ ಹೆದರಿದ್ದೆ. ನೀನು ಊದುತ್ತಿದ್ದೆ ಅಮ್ಮ. ಇಷ್ಟು ವರ್ಷ ಬಸ್ಸಿನಲ್ಲಿ ಸೀಟಿ ಊದಿದ ಕಂಡಕ್ಟರು, ಬಾಯಿಗೇನು ಸಿಕ್ಕರೂ ಊದುತ್ತೀಯ. ಅದರಲ್ಲಿ ಗಾಳಿ ಒಳಗೆ ಎಳೆದುಕೊಳ್ಳಬೇಕಂತೆ. ಸ್ಟ್ರಾದಲ್ಲಿ ಜ್ಯೂಸ್ ಕುಡಿದ ಹಾಗೆ, ನಿಧಾನವಾಗಿ. ಅದನ್ನು ಕಲಿಸಲು ಬೆಳಗ್ಗೆ ಬಂದ ಫಿಸಿಯೋದವರನ್ನು ಅಪ್ಪ "ಮಲಗಿದ್ದಾಳೆ, ನಾಳೆ ಬನ್ನಿ" ಎಂದು ವಾಪಸ್ ಕಳಿಸಿದ್ದಾರೆ. ಅವರೇ ಮೆಟ್ಟಿಲ ಹತ್ತಿರ ಸಿಕ್ಕಿ ನನಗೆ ತೋರಿಸಿಕೊಟ್ಟರು.

ಐದನೇ ಕ್ಲಾಸಿನಿಂದ ನಾನು ಹಾಸ್ಟೆಲ್ಲಿನಲ್ಲೇ ಇದ್ದೇನೆ. ನಾವಿಬ್ಬರೂ ಫೋನಿನಲ್ಲೇ ಅಮ್ಮ-ಮಗಳಾದವರು. ಊಟ ಆಯ್ತಾ, ಆಯ್ತು. ಹೇಗಿದೀಯ, ಆರಾಮ್. ಜ್ವರ ಬಂದಾಗಲೂ ಆರಾಮ್. ನಿನ್ನಿಂದ ನಾನು ಕಲಿತೆನೋ, ನನ್ನಿಂದ ನೀನು ಕಲಿತೆಯೋ, ಗೊತ್ತಿಲ್ಲ. ನಿನ್ನೆ ನಾನು ಹೊರಡುವಾಗ, "ನಾನು... ಆರಾಮ್... ನೀನು... ಕಾಲೇಜಿಗೆ... ಹೋಗು" ಅಂದೆಯಲ್ಲ. ಪದಕ್ಕೊಂದು ಉಸಿರು. ಹಾಸ್ಟೆಲ್ ತನಕ ಹೋಗಿ, ಬ್ಯಾಗನ್ನೂ ಇಳಿಸದೆ ತಿರುಗಿ ಬಂದೆ.

ಐದು ಗಂಟೆಗೆ ನನ್ನನ್ನೂ ವಾರ್ಡಿಗೆ ಬಿಡುತ್ತಾರೆ. ಅಪ್ಪನನ್ನು ಕಾಫಿಗೆ ಕಳಿಸಿ ನಿನ್ನನ್ನು ಎಬ್ಬಿಸಿ ಕೂರಿಸುತ್ತೇನೆ. ಹೊಲಿಗೆಯ ಮೇಲೆ ದಿಂಬು ಒತ್ತಿ ಹಿಡಿದರೆ ಕೆಮ್ಮುವಾಗ ನೋವು ಸ್ವಲ್ಪ ಕಮ್ಮಿಯಂತೆ. ನಾನು ಹಿಡಿಯುತ್ತೇನೆ. ಯಾರನ್ನೂ ಹಾಗೆ ಹಿಡಿದು ಅಭ್ಯಾಸವಿಲ್ಲ, ಆದರೂ ಬಿಡುವುದಿಲ್ಲ. ನೀನು ಬೈ, ಅಳು, ಅಪ್ಪನನ್ನು ಕೂಗು. ನೋಯುತ್ತದೆ ಅಂತ ನನಗೆ ಬಾಯಿಬಿಟ್ಟು ಹೇಳು. ಹೇಳಿ, ಕೆಮ್ಮು.

ಮುದುಡಿದ ಮೂಲೆಗೆಲ್ಲ ಗಾಳಿ ತುಂಬಲಿ, ಅಮ್ಮ. ಬರುತ್ತಿದ್ದೇನೆ.

ನಿನ್ನ ಪಿರಿಪಿರಿ ಮಗಳು